ತೊಗರಿ ಖರೀದಿ ಕೇಂದ್ರದ ಸಾಲು ಬೇಗ ಕರಗಬೇಕೆ?

ಜನವರಿ ಬಂತೆಂದರೆ ಕಲಬುರಗಿ ಜಿಲ್ಲೆಯಲ್ಲಿ ತೊಗರಿ ರಾಶಿ ಜೋರು. ಒಂದು ವರ್ಷ ನಾವೂ ಟ್ರ್ಯಾಕ್ಟರ್ ತುಂಬ ತೊಗರಿ ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋಗಿ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತೆವು. ಕತ್ತಲಾಗುವ ಹೊತ್ತಿಗೆ ಪಾಳಿ ಬಂತು. ಮೀಟರ್ 13.5 ತೋರಿಸಿತು. ತೇವಾಂಶದ ಮಿತಿ ಶೇ 12. ಕಾಳು ವಾಪಸ್. ಬಾಡಿಗೆಯೂ ಹೋಯಿತು, ದಿನವೂ ಹೋಯಿತು.

ಹಾಗಾಗಿ ಮೊದಲ ಕೆಲಸ, ತೇವಾಂಶವನ್ನು ಗೇಟಿನಲ್ಲೇ ನೋಡುವುದು. ಮೀಟರ್ ಹಿಡಿದ ಒಬ್ಬರು ಅಲ್ಲಿ ಕೂತರೆ ಸಾಕು. ಆದರೆ ಮೇಲಿನ ಕಾಳು ಬಿಸಿಲಿಗೆ ಒಣಗಿರುತ್ತದೆ, ಒಳಗಿನದು ಹಸಿ ಇರುತ್ತದೆ. ಸುಮ್ನೆ ಮೇಲಿನಿಂದ ಒಂದು ಹಿಡಿ ತೆಗೆದರೆ ಅಳತೆ ತಪ್ಪುತ್ತದೆ. ನಾಲ್ಕು ಮೂಲೆ ಮತ್ತು ನಡುವಿನ ಚೀಲಗಳಿಗೆ ಬಂಬು, ಅಂದರೆ ಕಾಳು ತೆಗೆಯುವ ಚೂಪು ಕೊಳವೆ ಚುಚ್ಚಿ, ಆಳದಿಂದ ಕಾಳು ತೆಗೆಯಿರಿ. ಎಲ್ಲವನ್ನೂ ಬಟ್ಟೆಯ ಮೇಲೆ ಚೆನ್ನಾಗಿ ಬೆರೆಸಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ರೈತನ ಎದುರಿಗೇ ಅಳೆಯಿರಿ, ಆಗ ಜಗಳ ಇರಲ್ಲ. ಹಸಿ ಇದ್ದರೆ ವಾಪಸ್ ಕಳಿಸುವ ಬದಲು ಅಂಗಳದಲ್ಲಿ ತಾಡಪತ್ರಿ ಹಾಸಿ ತೆಳ್ಳಗೆ ಹರವಲು ಬಿಡಿ. ಜಾಗ ಇದ್ದರೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಜರಡಿಯನ್ನೂ ಅಲ್ಲೇ ಇಡಿ. ಕಸ, ಕಡ್ಡಿ ಕಾಂಟಾದ (ತೂಕದ ಯಂತ್ರದ) ಹತ್ತಿರ ಬರಲೇಬಾರದು.

ಆಧಾರ್, ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಂದಿನ ದಿನವೇ ನೋಡಿ, ಗಂಟೆ ಬರೆದ ಟೋಕನ್ ಕೊಡಿ.

ಈಗ ಕಾಂಟಾ. ಒಬ್ಬ ರೈತ 30 ಕ್ವಿಂಟಲ್ ತಂದರೆ 50 ಕಿಲೋದ 60 ಚೀಲ. ಒಂದೊಂದು ಚೀಲಕ್ಕೆ ಅರ್ಧ ನಿಮಿಷ ಉಳಿದರೂ ಒಬ್ಬ ರೈತನಿಗೆ ಅರ್ಧ ಗಂಟೆ ಉಳಿಯುತ್ತದೆ ಅಲ್ವಾ? ಒಂದು ಚೀಲ ತೂಗುವಾಗ ಮುಂದಿನದು ತುಂಬುತ್ತಿರಬೇಕು, ಹಿಂದಿನದು ಹೊಲಿಗೆಯಲ್ಲಿರಬೇಕು. ಮೂರೂ ಕೆಲಸಕ್ಕೆ ಬೇರೆ ಬೇರೆ ಹಮಾಲರು ಬೇಕು. ಖಾಲಿ ಚೀಲದ ತೂಕವನ್ನು ಬೆಳಿಗ್ಗೆಯೇ ನೋಡಿ ಕಾಂಟಾದಲ್ಲಿ ಕಳೆದಿಡಿ. ಪ್ರತಿ ಸಲ ಲೆಕ್ಕ ಹಾಕುತ್ತ ಕೂರಬೇಡಿ.

ಜಾಸ್ತಿ ಮಂದಿ ಮರೆಯುವುದು ಗೋದಾಮನ್ನು. ತೂಗಿದ ಚೀಲ ಹೊರಗೇ ಬಿದ್ದಿದ್ದರೆ ಅಂಗಳ ತುಂಬಿ ಕಾಂಟಾವೇ ನಿಲ್ಲುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಒಣಗಿದ ಕಾಳೂ ಮತ್ತೆ ಹಸಿಯಾಗುತ್ತದೆ. ಲಾರಿಯನ್ನು ಸಂಜೆಗೆ ಹೇಳಬೇಡಿ, ಮಧ್ಯಾಹ್ನಕ್ಕೇ ಒಂದು ಲೋಡು ಹೊರಡಲಿ. ಉಳಿದ ಚೀಲಗಳ ಕೆಳಗೆ ಹಲಗೆ, ಮೇಲೆ ತಾಡಪತ್ರಿ ಹಾಕಿ. ತೂಕ ಬರೆದ ರಸೀದಿ ರೈತನ ಕೈ ಸೇರಿದ ಮೇಲೆಯೇ ಮುಂದಿನ ಟ್ರ್ಯಾಕ್ಟರ್ ಒಳಗೆ ಬರಲಿ.