ಹಳೆಯ ಇಂಗ್ಲಿಷ್ ಬಂಗಲೆಯ ಕಾಲವನ್ನು ಕಿಟಕಿಯಿಂದ ಗುರುತಿಸುವ ಬಗೆ

ಇಂಗ್ಲೆಂಡಿನ ಜಮೀನ್ದಾರರ ಹಳೆಯ ದೊಡ್ಡ ಮನೆಯೊಂದರ ಕಾಲವನ್ನು ತಿಳಿಯಬೇಕೆನ್ನುವವರು ಮುಂಬಾಗಿಲಿನ ಕಂಬಗಳಿಗೆ ಮರುಳಾಗಬಾರದು. 18ನೆಯ ಶತಮಾನದಲ್ಲಿ ಅನೇಕ ಮಾಲೀಕರು ಹಳೆಯ ಮನೆಯನ್ನು ಕೆಡವದೆ, ಮುಂಭಾಗಕ್ಕೆ ಮಾತ್ರ ಹೊಸ ಗೋಡೆ ಕಟ್ಟಿಸಿದರು. ಆದ್ದರಿಂದ ಮೊದಲು ಹಿತ್ತಲಿಗೆ ಹೋಗಿ ಗೋಡೆ, ಮಾಡು, ಹೊಗೆಗೊಳವೆಗಳನ್ನು ನೋಡಿ.

ಅನಂತರ ಕಿಟಕಿಗಳು. ಕಲ್ಲಿನ ಕಂಬಿಗಳ ನಡುವೆ ಸೀಸದ ಪಟ್ಟಿಯಿಂದ ಜೋಡಿಸಿದ ಚಿಕ್ಕ ಗಾಜಿನ ತುಂಡುಗಳು 16 ಮತ್ತು 17ನೆಯ ಶತಮಾನಗಳ ಲಕ್ಷಣ. ಡರ್ಬಿಷೈರಿನ ಹಾರ್ಡ್‌ವಿಕ್ ಹಾಲ್ 1590ರ ದಶಕದ್ದು. ಗಾಜು ದುಬಾರಿಯಾಗಿದ್ದ ಆ ದಿನಗಳಲ್ಲಿ ಮುಂಭಾಗವನ್ನೆಲ್ಲ ಕಿಟಕಿಯಿಂದಲೇ ತುಂಬಿಸಿದ್ದು ಒಡತಿಯ ಸಿರಿವಂತಿಕೆಯ ಪ್ರದರ್ಶನವೇ ಸರಿ. ಮೇಲೆ ಕೆಳಗೆ ಜಾರುವ ಮರದ ಕಿಟಕಿ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದಿತು. ಗಾಜುಗಳ ನಡುವಿನ ಮರದ ಪಟ್ಟಿ ದಪ್ಪವಾಗಿದ್ದಷ್ಟೂ ಅದು ಹಳೆಯದು. ಪಟ್ಟಿಯೇ ಇಲ್ಲದ ಅಗಲವಾದ ಗಾಜು ಕಂಡರೆ, ಅದು ಗಾಜಿನ ಸುಂಕ ರದ್ದಾದ 1845ರ ಅನಂತರ ಹಾಕಿದ್ದೆಂದು ಊಹಿಸಬಹುದು.

ಆಕಾರವೊಂದನ್ನೇ ನಂಬಬೇಡಿ. ಮಡಿಕೇರಿ ಕೋಟೆಯೊಳಗಿನ, ಈಗ ವಸ್ತುಸಂಗ್ರಹಾಲಯವಾಗಿರುವ ಚರ್ಚಿನ ಚೂಪುಕಮಾನಿನ ಕಿಟಕಿಗಳು ಮಧ್ಯಯುಗದವುಗಳಂತೆ ಕಂಡರೂ ಕಟ್ಟಡ 19ನೆಯ ಶತಮಾನದ ನಡುಭಾಗದ್ದು.

ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳ ಮುಂದೆ ನಿಂತು ಕಿಟಕಿ ತೆರಿಗೆಯ ಕಥೆ ಹೇಳುವವರು ಬಹಳ. 1696ರಿಂದ 1851ರವರೆಗೆ ಆ ತೆರಿಗೆ ಇದ್ದದ್ದು ನಿಜ, ಆದರೆ ಮುಚ್ಚಿದ ಭಾಗದ ಇಟ್ಟಿಗೆಗಳು ಸುತ್ತಲಿನ ಗೋಡೆಯೊಂದಿಗೆ ಹೆಣೆದುಕೊಂಡಿದ್ದರೆ ಅದು ಎರಡೂ ಪಕ್ಕ ಸರಿಸಮವಾಗಿ ಕಾಣಲೆಂದು ಕಟ್ಟುವಾಗಲೇ ಮಾಡಿದ ಸುಳ್ಳುಕಿಟಕಿ; ಅಂಚಿನಲ್ಲಿ ನೇರವಾದ ಸಂದು ಕಂಡರೆ ಮಾತ್ರ ಆಮೇಲೆ ಮುಚ್ಚಿದ್ದೆನ್ನಬಹುದು.

ಇದೇ ಬಗೆಯ ಪರೀಕ್ಷೆಯನ್ನು ಕೊಡಗಿನ ತೋಟದ ಬಂಗಲೆಗಳಲ್ಲೂ ಮಾಡಬಹುದು. ಇಲ್ಲಿ ಐರೋಪ್ಯರ ಕಾಫಿ ತೋಟಗಳು ಆರಂಭವಾದದ್ದು 1850ರ ದಶಕದಲ್ಲಿ. ಹೊಗೆಗೊಳವೆ ಮತ್ತು ಹೊರಚಾಚಿದ ಕಿಟಕಿ ಇಂಗ್ಲೆಂಡಿನಿಂದ ಬಂದವು. ಸುತ್ತಲಿನ ಜಗಲಿ, ತಗ್ಗಾಗಿ ಇಳಿದ ಸೂರು ಅಲ್ಲಿನವಲ್ಲ. ಐನ್‌ಮನೆಯ (ಕೊಡವರ ಹಿರಿಯರ ಮನೆಯ) ಕೈಯಾಲೆಯಲ್ಲಿ, ಅಂದರೆ ಮುಂಜಗಲಿಯಲ್ಲಿ, ಕಂಬಗಳ ನಡುವಿನ ಹಲಗೆಯಾದ ಐಮರದ ಮೇಲೆ ಕುಳಿತು ಆಟಿ ತಿಂಗಳ ಮಳೆ ನೋಡಿದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಮಂಗಳೂರು ಹೆಂಚಿನ ಮಾಡು ಅದಕ್ಕಿಂತ ಹಿಂದಿನದಾಗಿರಲಾರದು, ಗೋಡೆ ಹಳೆಯದಾಗಿರಬಹುದು. ಮಳೆಗಾಲಕ್ಕೆ ಮುನ್ನ ಹೆಂಚು ತೆಗೆದು ಹೊದಿಸುವಾಗ, ಕೆಲಸದವರಿಗೆ ಹೇಳಿ ಅಡುಗೆಮನೆಯ ಮಾಡಿನ ಕೆಲವು ಹೆಂಚುಗಳನ್ನು ಬೇರೆಯಾಗಿ ಇರಿಸಿಕೊಂಡು, ಅವುಗಳ ಅಡಿಯಲ್ಲಿರುವ ಕಾರ್ಖಾನೆಯ ಅಚ್ಚನ್ನು ಓದಿ ಬರೆದಿಟ್ಟುಕೊಳ್ಳಿ.