ಕ್ರೇನ್: ಹಕ್ಕಿ ಮೊದಲು, ಯಂತ್ರ ಆಮೇಲೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು ನಾನು. ಒಂದೇ ಪದಕ್ಕೆ ಹಲವು ಅರ್ಥಗಳಿದ್ದರೆ ಮೊದಲು ಪದಮೂಲ ಕೊಡುವ ದೊಡ್ಡ ನಿಘಂಟು ತೆಗೆಯುತ್ತೇನೆ. ಪದದ ಪಕ್ಕದಲ್ಲಿ 1, 2 ಎಂಬ ಪುಟ್ಟ ಅಂಕಿಗಳಿದ್ದರೆ ಅವು ಸಾಮಾನ್ಯವಾಗಿ ಬೇರೆ ಬೇರೆ ಪದಗಳು, ಸ್ಪೆಲ್ಲಿಂಗ್ ಮಾತ್ರ ಒಂದೇ. ನಾಯಿ ಬೊಗಳುವ 'ಬಾರ್ಕ್' ಹಳೆಯ ಇಂಗ್ಲಿಷಿನದು, ಮರದ ತೊಗಟೆಯ 'ಬಾರ್ಕ್' ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದದ್ದು. ಇವುಗಳ ನಡುವೆ ನಂಟು ಹುಡುಕುತ್ತ ಕೂತರೆ ಪೀರಿಯಡ್ಡೇ ಮುಗಿದುಹೋಗುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ವಾಕ್ಯದಲ್ಲಿಟ್ಟು ಕಲಿಸಿಬಿಡುತ್ತೇನೆ.

'ಕ್ರೇನ್' ಹಾಗಲ್ಲ. ಹಕ್ಕಿಗೂ ಯಂತ್ರಕ್ಕೂ ಅದು ಒಂದೇ ಪದ. ನಮ್ಮ ಮಕ್ಕಳಿಗೆ ಕ್ರೇನ್ ಎಂದರೆ ಫ್ಲೈಓವರ್ ಕಟ್ಟುವಲ್ಲಿ ಕಾಣುವ ಯಂತ್ರ. ಪಂಚತಂತ್ರದ ಕೊಕ್ಕರೆ-ಏಡಿಯ ಕಥೆಯನ್ನು ಇಂಗ್ಲಿಷಿನಲ್ಲಿ ಓದುವಾಗ ಆ ಯಂತ್ರ ಕೆರೆ ದಂಡೆಯಲ್ಲಿ ನಿಂತು ಮೀನಿಗೆ ಮೋಸ ಮಾಡುವುದೆಂದರೆ ನಗದೆ ಏನು ಮಾಡಿಯಾರು? ನಾನು ಬೋರ್ಡಿನ ಮೇಲೆ ಉದ್ದ ಕಾಲು, ಉದ್ದ ಕತ್ತಿನ ಹಕ್ಕಿ ಬರೆಯುತ್ತೇನೆ. ರೆಕ್ಕೆ ಅಳಿಸಿ, ಗೆರೆಗಳನ್ನು ನೆಟ್ಟಗೆ ಮಾಡಿ, ಕೊಕ್ಕಿನಿಂದ ಒಂದು ಕೊಕ್ಕೆ ಇಳಿಬಿಡುತ್ತೇನೆ. ಉಳಿದದ್ದನ್ನು ಹಿಂದಿನ ಬೆಂಚಿನವರೇ ಹೇಳುತ್ತಾರೆ.

ಈ ಹೋಲಿಕೆ ಇಂಗ್ಲಿಷರದೇ ಕಲ್ಪನೆಯೇನಲ್ಲ. ಪ್ರಾಚೀನ ಗ್ರೀಕರು ಹಕ್ಕಿಯನ್ನೂ ಭಾರ ಎತ್ತುವ ಯಂತ್ರವನ್ನೂ 'ಗೆರನೋಸ್' ಎಂದೇ ಕರೆದರು. ಫ್ರೆಂಚರ 'ಗ್ರೂ' ಕೂಡ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಯಂತ್ರದ ಅರ್ಥ 13ನೇ ಶತಮಾನದ ಕೊನೆಗೇ ಕಾಣುತ್ತದೆ. ಗುಂಪಿನಲ್ಲಿ ಕತ್ತು ಚಾಚಿ ನೋಡುವುದು ಎಂಬ ಅರ್ಥದ 'ಕ್ರೇನ್' ಕ್ರಿಯಾಪದ ಬಹಳ ತಡವಾಗಿ ಬಂತು, ಆದರೆ ಮಕ್ಕಳಿಗೆ ಅದು ಎಲ್ಲಕ್ಕಿಂತ ಬೇಗ ಹತ್ತುತ್ತದೆ, ಅಭಿನಯಿಸಬಹುದಲ್ಲ! ಕುಂಡದ ಜೆರೇನಿಯಂ ಹೂಗಿಡಕ್ಕೂ ಈ ಹಕ್ಕಿಯದೇ ಹೆಸರು. ಅದರ ಕಾಯಿ ಕೊಕ್ಕಿನಂತಿರುತ್ತದೆ. ನನಗೆ ಅಚ್ಚುಮೆಚ್ಚಿನದು 'ಪೆಡಿಗ್ರೀ', ಅಂದರೆ ವಂಶಾವಳಿ. ಹಳೆಯ ಫ್ರೆಂಚಿನಲ್ಲಿ ಅದು 'ಕ್ರೇನಿನ ಪಾದ'. ವಂಶವೃಕ್ಷದಲ್ಲಿ ತಂದೆಯಿಂದ ಮಕ್ಕಳಿಗೆ ಎಳೆದ ಕವಲುಗೆರೆಗಳು ಹಕ್ಕಿಯ ಹೆಜ್ಜೆಗುರುತಿನಂತೆ ಕಂಡವು.

ಕನ್ನಡದಲ್ಲಿ ಹೇಳುವಾಗ ಒಂದು ತೊಡಕಿದೆ. ಕ್ರೇನ್ ಎಂದರೆ ಕೊಕ್ಕರೆ ಎಂದುಬಿಡುವುದು ವಾಡಿಕೆ. ಆದರೆ ಕೊಕ್ಕರೆ ಬೆಳ್ಳೂರಿಗೆ ಹೆಸರು ತಂದ ಬಣ್ಣದ ಕೊಕ್ಕರೆ ಇಂಗ್ಲಿಷಿನಲ್ಲಿ 'ಸ್ಟಾರ್ಕ್'. ಅದರ ಕುಟುಂಬವೇ ಬೇರೆ. ನಿಜವಾದ ಕ್ರೇನ್ ಬೇಕಿದ್ದರೆ ಸಾರಸವನ್ನು ತೋರಿಸಬೇಕು. ಕಥೆಯಲ್ಲಿ ಕೊಕ್ಕರೆ ಎಂದರೂ ನಾನು ತಕರಾರು ಮಾಡುವುದಿಲ್ಲ.

ಅಂಕಿಯ ನಿಯಮವನ್ನೂ ಪೂರ್ತಿ ನಂಬಬೇಡಿ. ಶಿಷ್ಯ ಎಂಬ 'ಪ್ಯೂಪಿಲ್', ಕಣ್ಣಿನ 'ಪ್ಯೂಪಿಲ್' ಇವೆರಡನ್ನೂ ನಿಘಂಟುಗಳು ಬೇರೆ ಅಂಕಿ ಕೊಟ್ಟು ನಿಲ್ಲಿಸುತ್ತವೆ. ಹಿಂದಕ್ಕೆ ಹೋದರೆ ಎರಡೂ ಸೇರುವುದು ಲ್ಯಾಟಿನ್ನಿನ 'ಪೂಪಾ' ಎಂಬಲ್ಲಿ: ಹುಡುಗಿ, ಗೊಂಬೆ. ಎದುರಿನವರ ಕಣ್ಣಲ್ಲಿ ನಮ್ಮದೇ ಪುಟ್ಟ ಬಿಂಬ ಕಾಣುತ್ತದಲ್ಲ, ಅದೇ ಆ ಗೊಂಬೆ. ನಾವೂ ಕಣ್ಣಪಾಪೆ ಎನ್ನುತ್ತೇವೆ, ಪಾಪೆ ಎಂದರೂ ಬೊಂಬೆಯೇ. ಹಾಗಾಗಿ ಇವೆರಡನ್ನು ಮಾತ್ರ ಒಂದೇ ಪೀರಿಯಡ್ಡಿನಲ್ಲಿ ಒಟ್ಟಿಗೆ ಕಲಿಸುತ್ತೇನೆ.