ಕಿತ್ತಳೆ ಹೂವಿನ ಜೇನಿನಿಂದ ಮನೆಯಲ್ಲೇ ಮೀಡ್

ಮಾರ್ಚ್ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಕಿತ್ತಳೆ ತೋಟಗಳು ಹೂ ಬಿಡುತ್ತವೆ. ಕಾರಿನ ಕಿಟಕಿ ಇಳಿಸಿದರೆ ಸಾಕು, ಬೆಳಗಿನ ಹೂವಿನ ಮಾರ್ಕೆಟ್ಟಿಗೆ ಕಾಲಿಟ್ಟ ಹಾಗಾಗುತ್ತದೆ. ಆ ಹೂವಿನ ಜೇನು ಇಲ್ಲಿನ ರೈತರ ಸಂತೆಯಲ್ಲಿ ಸಿಗುತ್ತದೆ. ನಾನು ಮೀಡ್ ಮಾಡುವುದು ಅದರಲ್ಲೇ.

ಜೇನು, ನೀರು, ಯೀಸ್ಟ್ ಸೇರಿ ಹುದುಗಿದರೆ ಮೀಡ್. ನಮ್ಮ ‘ಮಧು’ವೂ ಈ ‘ಮೀಡ್’ ಎಂಬ ಪದವೂ ಒಂದೇ ಬೇರಿನವು.

ಮೊದಲೇ ಒಂದು ಮಾತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದ ಕೇಂದ್ರ ಕಾನೂನು ಮನೆಬಳಕೆಗೆ ವರ್ಷಕ್ಕೆ ಒಬ್ಬ ವಯಸ್ಕರಿರುವ ಮನೆಗೆ 100 ಗ್ಯಾಲನ್ (ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಮಾಡಲು ಬಿಡುತ್ತದೆ. ಮಾರುವಂತಿಲ್ಲ, ಬಟ್ಟಿ ಇಳಿಸುವಂತಿಲ್ಲ. ಹಾಗಾಗಿ ಇದು ಅನುಮತಿ ಇರುವ ಊರಿನಲ್ಲಿರುವವರಿಗೆ.

ಮೊದಲ ಸಲ ನಾನು ಜೇನನ್ನು ನೀರಿನ ಜೊತೆ ಅರ್ಧ ಗಂಟೆ ಕುದಿಸಿದ್ದೆ. ಮನೆಯೆಲ್ಲ ಘಮ್ಮೆಂದಿತು. ಆರು ತಿಂಗಳ ಮೇಲೆ ಬಾಟಲಿ ತೆರೆದರೆ ಹೂವಿನ ಸುಳಿವೇ ಇಲ್ಲ. ಪರಿಮಳವೆಲ್ಲ ಅಂದೇ ಆವಿಯ ಜೊತೆ ಹೋಗಿತ್ತು. ಈಗ ನನ್ನ ಗಮನವೆಲ್ಲ ಆ ಪರಿಮಳ ಉಳಿಸುವುದರ ಮೇಲೇ.

ಬೇಕಾಗುವುದು ಇಷ್ಟು: ಬಿಸಿ ಮಾಡದ ಜೇನು ಒಂದೂವರೆ ಕೆ.ಜಿ., ಬಾಟಲಿ ನೀರು 3 ಲೀಟರ್, 71ಬಿ ಎಂಬ ವೈನ್ ಯೀಸ್ಟ್ 5 ಗ್ರಾಂ, ಯೀಸ್ಟಿಗೆ ಪೋಷಕವಾದ ಫರ್ಮೇಡ್-ಓ 4 ಗ್ರಾಂ. ಜೊತೆಗೆ ಮುಚ್ಚಳವಿರುವ 8 ಲೀಟರ್ ಬಕೆಟ್, ಒಂದು ಗ್ಯಾಲನ್ ಹಿಡಿಯುವ ಎರಡು ಗಾಜಿನ ಜಾಡಿ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಸೈಫನ್ ಕೊಳವೆ. ಮೀಡ್ ಮುಟ್ಟುವ ಪ್ರತಿಯೊಂದನ್ನೂ ಪಾತ್ರೆಗಳಿಗೆ ಬಳಸುವ ಸ್ಯಾನಿಟೈಸರ್‌ನಲ್ಲಿ (ಕೈಗೆ ಹಚ್ಚುವುದಲ್ಲ) ಅದ್ದಿ. ಇದರಲ್ಲಿ ಸೋಮಾರಿತನ ಬೇಡ.

200 ಗ್ರಾಂ ಜೇನು ಎತ್ತಿಡಿ. ಉಳಿದ 1.3 ಕೆ.ಜಿ.ಯನ್ನು ಬಕೆಟ್ಟಿಗೆ ಸುರಿದು ನೀರು ಸೇರಿಸಿ, ಐದು ನಿಮಿಷ ಜೋರಾಗಿ ಕಲಕಿ. ಯೀಸ್ಟಿಗೆ ಶುರುವಿನಲ್ಲಿ ಗಾಳಿ ಬೇಕು. ಜೇನು ಗಟ್ಟಿಯಾಗಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಒಲೆಯ ಮೇಲಿಡಬೇಡಿ. ಹೈಡ್ರೋಮೀಟರ್ ಸುಮಾರು 1.097 ತೋರಿಸುತ್ತದೆ. ಬರೆದಿಟ್ಟುಕೊಳ್ಳಿ.

ಯೀಸ್ಟನ್ನು 50 ಮಿ.ಲೀ. ಬೆಚ್ಚಗಿನ ನೀರಿನಲ್ಲಿ (35ರಿಂದ 40 ಡಿಗ್ರಿ) 15 ನಿಮಿಷ ನೆನೆಸಿ ಬಕೆಟ್ಟಿಗೆ ಹಾಕಿ. ಮುಚ್ಚಿ ಏರ್‌ಲಾಕ್ ಸಿಕ್ಕಿಸಿ, 18-20 ಡಿಗ್ರಿ ಇರುವ ಮೂಲೆಯಲ್ಲಿಡಿ. ಸೆಕೆ ಜಾಸ್ತಿಯಾದರೆ ಯೀಸ್ಟ್ ಅವಸರ ಮಾಡುತ್ತದೆ, ಗಂಟಲು ಸುಡುವ ರುಚಿ ಬರುತ್ತದೆ. ಭರ್ರನೆ ಏಳುವ ಗ್ಯಾಸ್ ಹೂವಿನ ಪರಿಮಳವನ್ನೂ ಹೊತ್ತೊಯ್ಯುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಅದಕ್ಕೇ 24, 48, 72 ಗಂಟೆಗೆ ಮತ್ತು ಏಳನೇ ದಿನ ಒಂದೊಂದು ಗ್ರಾಂ ಪೋಷಕ ಕೊಡಬೇಕು. ಪುಡಿಯನ್ನು ಒಮ್ಮೆಲೇ ಉದುರಿಸಬೇಡಿ. ಚಮಚದಿಂದ ಬಿದ್ದ ಗಳಿಗೆಯಲ್ಲೇ ತಳದಿಂದ ಸುಯ್ಯೆಂದು ಸದ್ದು ಬರುತ್ತದೆ, ಹಾಲು ಉಕ್ಕಿದ ಹಾಗೆ ನೊರೆ ಅಂಚು ದಾಟಿಬಿಡುತ್ತದೆ. ಮೊದಲು ಮೆಲ್ಲಗೆ ಕಲಕಿ ಗ್ಯಾಸ್ ಬಿಡಿಸಿ. ಆಮೇಲೆ ಪುಡಿಯನ್ನು ಎರಡು ಚಮಚ ನೀರಿನಲ್ಲಿ ಕದಡಿ ಹಾಕಿ. ಏಳನೇ ದಿನದ ನಂತರ ಕಲಕಲೇಬೇಡಿ.

ಮೂರ್ನಾಲ್ಕು ವಾರಕ್ಕೆ ಗುಳ್ಳೆ ನಿಲ್ಲುತ್ತದೆ. ತಳದ ಮಡ್ಡಿ ಅಲುಗದ ಹಾಗೆ ಸೈಫನ್‌ನಿಂದ ಗಾಜಿನ ಜಾಡಿಗೆ ಇಳಿಸಿ. ಮೇಲಿಂದ ಸುರಿದರೆ ಗಾಳಿ ತಾಗಿ ರುಚಿ ಕೆಡುತ್ತದೆ. ಜಾಡಿ ಕುತ್ತಿಗೆಯವರೆಗೆ ತುಂಬಿರಲಿ. ಎರಡು ಮೂರು ತಿಂಗಳು ಕತ್ತಲಲ್ಲಿ ಸುಮ್ನೆ ಬಿಟ್ಟುಬಿಡಿ. ಜಾಡಿಯ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರಬೇಕು, ಅಷ್ಟು ತಿಳಿಯಾಗಬೇಕು.

ಎರಡು ವಾರದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ಇಳಿಬಿಡಿ. ಅಂಕಿ ಬದಲಾಗಿರಬಾರದು. ಇನ್ನೂ ಹುದುಗುತ್ತಿರುವ ಮೀಡ್ ತುಂಬಿಸಿದರೆ ಬಾಟಲಿ ಸಿಡಿದು ಗಾಜು ಚೂರಾಗುತ್ತದೆ. ಮೊದಲ ಅಂಕಿಯಲ್ಲಿ ಕೊನೆಯದನ್ನು ಕಳೆದು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಪ್ರಮಾಣ. 1.097 ಇದ್ದದ್ದು 1.000ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಶೇ 12.7.

ಈಗ ಎತ್ತಿಟ್ಟ ಜೇನಿನ ಸರದಿ. ತಿಳಿಯಾದ ಮೀಡನ್ನು ಮಡ್ಡಿ ಬಿಟ್ಟು ಇನ್ನೊಂದು ಜಾಡಿಗೆ ಇಳಿಸಿ. ಒಂದು ಕ್ಯಾಂಪ್ಡೆನ್ ಮಾತ್ರೆ (ಇದು ಸಲ್ಫೈಟ್) ಪುಡಿಮಾಡಿ, ಅರ್ಧ ಟೀ ಚಮಚ ಪೊಟ್ಯಾಸಿಯಂ ಸೋರ್ಬೇಟ್ ಜೊತೆ ಕರಗಿಸಿ. ಇವೆರಡೂ ಇದ್ದರೆ ಯೀಸ್ಟ್ ಮತ್ತೆ ಹೆಚ್ಚುವುದಿಲ್ಲ. ಆಸ್ತಮಾ ಇರುವವರಿಗೆ ಕೊಡುವ ಮುನ್ನ ಸಲ್ಫೈಟ್ ಹಾಕಿರುವುದನ್ನು ಹೇಳಿ. ಮರುದಿನ ಆ 200 ಗ್ರಾಂ ಬೆರೆಸಿ. ಹುದುಗದೆ ಉಳಿದ ಈ ಜೇನಿನಿಂದ ಕಿತ್ತಳೆ ಹೂವು ಮೂಗಿಗೆ ನೇರವಾಗಿ ಬರುತ್ತದೆ. ಎರಡು ವಾರ ಕಾದು, ಅಂಕಿ ಇನ್ನೊಮ್ಮೆ ನೋಡಿ ಬಾಟಲಿಗೆ ತುಂಬಿ.

ಆರು ತಿಂಗಳಿಗೆ ಕುಡಿಯಲು ಹದವಾಗುತ್ತದೆ. ಒಂದು ಬಾಟಲಿಯ ಮೇಲೆ ತಾರೀಕು ಬರೆದು, ತೋಟ ಮತ್ತೆ ಹೂ ಬಿಡುವವರೆಗೆ ಮುಟ್ಟದೆ ಇಡಿ.